ಕಾರ್ಡು ಇನ್ನೂ ಬಂದಿಲ್ಲ

ಪಕ್ಕದ ಮನೆಯ ದೊಡ್ಡಮ್ಮ ತೀರಿಕೊಂಡ ಹನ್ನೊಂದನೆಯ ದಿನ, ತಿಥಿಯ ಊಟ ಮುಗಿಸಿದ ಬೀದಿಯವರೆಲ್ಲ ಶಾಮಿಯಾನದ ನೆರಳಿಗೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಎಲ್ಲರ ಬಾಯಲ್ಲೂ ದೊಡ್ಡಮ್ಮನ ತಿರುಗಾಟದ ಕಥೆಗಳೇ. ನಾನು ಮಾತ್ರ ಎಲೆ ಅಡಿಕೆ ತಟ್ಟೆ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದೆ. ಕೂತರೆ ನನ್ನನ್ನೂ ಒಂದು ಕಥೆ ಹೇಳು ಅನ್ನುತ್ತಾರೆ ಎಂಬ ಭಯ. ನನ್ನಲ್ಲಿದ್ದ ಕಥೆ ಆ ನಗುವಿನ ನಡುವೆ ಹೇಳುವಂಥದ್ದಾಗಿರಲಿಲ್ಲ. ದೊಡ್ಡಮ್ಮನ ತಿರುಗಾಟ ನಿಲ್ಲಿಸಿದವಳು ನಾನು.

ನಮ್ಮದು ದೊಡ್ಡಬಳ್ಳಾಪುರದ ಹಳೆಯ ಬೀದಿಗಳಲ್ಲೊಂದು. ನಾಲ್ಕೈದು ಮನೆಗಳಲ್ಲಿ ಮಗ್ಗ ಸದ್ದು ಮಾಡುತ್ತಲೇ ಇರುತ್ತದೆ. ಹೊಸಬರಿಗೆ ಅದರಿಂದ ತಲೆನೋವು, ನಮಗೆ ಕರೆಂಟು ಹೋಗಿ ಅದು ನಿಂತರೆ ತಲೆನೋವು. ನಾನು ಒಂದು ಹೈಸ್ಕೂಲಿನ ಕಚೇರಿಯಲ್ಲಿ ಗುಮಾಸ್ತೆ. ಹಾಗಾಗಿ ಪಿಂಚಣಿ, ರೇಷನ್ ಕಾರ್ಡು, ಮಕ್ಕಳ ಜಾತಿ ಸರ್ಟಿಫಿಕೇಟು ಎಂದು ಬೀದಿಯ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಹೋಗಬೇಕು. ಬಾಯಿ ಸ್ವಲ್ಪ ಜೋರು. ಮಾಡಿಕೊಡುವ ಕೆಲಸಕ್ಕೆ ಎರಡು ಬೈಗುಳ ಸೇರಿಸಿಯೇ ಕೊಡುತ್ತೇನೆ, ಜನ ಅದನ್ನು ಒಂದು ಶುಲ್ಕ ಎಂದು ತಿಳಿದು ಸಹಿಸಿಕೊಂಡಿದ್ದಾರೆ.

ದೊಡ್ಡಮ್ಮನ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಮಗ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುವವನು, ಸೊಸೆ ಬೆಳಿಗ್ಗೆಯೇ ಗಾರ್ಮೆಂಟ್ಸಿಗೆ ಹೊರಡುವವಳು. ಇಬ್ಬರೂ ಅವರನ್ನು ಚೆನ್ನಾಗಿಯೇ ನೋಡಿಕೊಂಡರು. ಅವರ ವಯಸ್ಸು ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ ಒಂದು ಎಂದಿತ್ತು. ನಮ್ಮ ಬೀದಿಯ ಅರ್ಧದಷ್ಟು ಮುದುಕಿಯರು ಹುಟ್ಟಿದ್ದು ಅದೇ ದಿನ.

ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತಲ್ಲ, ಅಲ್ಲಿಯವರೆಗೆ ದೊಡ್ಡಮ್ಮ ಕಂಡ ದೂರದ ಊರೆಂದರೆ ಘಾಟಿ ಸುಬ್ರಹ್ಮಣ್ಯ ಮತ್ತು ತ್ಯಾಮಗೊಂಡ್ಲು ಹತ್ತಿರದ ತವರು. ಸುದ್ದಿ ಬಂದ ದಿನ ಅವರು ನೇರ ನನ್ನ ಬಳಿ ಬಂದರು.

"ಬರೀ ಕಾರ್ಡ್ ತೋರಿಸಿದ್ರೆ ಸಾಕಂತೆ, ನಿಜವಾ ತಾಯಿ?"

"ನಿಜ ದೊಡ್ಡಮ್ಮ. ನಮ್ಮ ರಾಜ್ಯದೊಳಗೆ ಎಲ್ಲಿಗ್ ಬೇಕಾದ್ರೂ ಹೋಗ್ಬೋದು."

"ಎಲ್ಲಿಗ್ ಬೇಕಾದ್ರೂ ಅಂದ್ರೆ?"

"ಎಲ್ಲಿಗ್ ಬೇಕಾದ್ರೂ ಅಂದ್ರೆ ಎಲ್ಲಿಗ್ ಬೇಕಾದ್ರೂ. ಅದನ್ನ ಹೆಂಗ್ ಬಿಡಿಸಿ ಹೇಳೋದು?"

ಮಾರನೆಯ ಬೆಳಿಗ್ಗೆ ಅವರ ಮನೆಯ ಮುಂದೆ ರಂಗೋಲಿ ಇತ್ತು, ದೊಡ್ಡಮ್ಮ ಇರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿಂತಾಮಣಿ ನೋಡಿಕೊಂಡು ಬಂದಿದ್ದರು. ಅಲ್ಲಿ ಏನು ನೋಡಿದಿರಿ ಎಂದರೆ, "ಬಸ್ ಸ್ಟ್ಯಾಂಡು. ನಮ್ಮದಕ್ಕಿಂತ ದೊಡ್ಡದೈತೆ" ಎಂದರು.

ಅವರ ಪ್ರಯಾಣಕ್ಕೊಂದು ಕ್ರಮವಿತ್ತು. ಬೋರ್ಡು ಓದಲು ಬರುತ್ತಿರಲಿಲ್ಲ, ಓದಿಸಿಕೊಳ್ಳುವ ಗೋಜಿಗೂ ಹೋಗುತ್ತಿರಲಿಲ್ಲ. ನಿಲ್ದಾಣದಲ್ಲಿ ನಿಂತ ಬಸ್ಸುಗಳನ್ನು ಒಂದು ಸುತ್ತು ಹಾಕಿ, ಕಿಟಕಿ ಪಕ್ಕದ ಸೀಟು ಖಾಲಿ ಇರುವ ಬಸ್ಸು ಹತ್ತುವುದು. ಕೂತ ಮೇಲೆ, "ಇದು ಎಲ್ಲಿಗಪ್ಪಾ ಹೋಗೋದು?" ಎಂದು ಕಂಡಕ್ಟರನ್ನು ಕೇಳುವುದು. ಅವನು ಯಾವ ಊರು ಹೇಳಿದರೂ, "ಹಂಗಾದ್ರೆ ಅಲ್ಲಿಗೇ ಕೊಡು" ಅನ್ನುವುದು.

ಶಾಮಿಯಾನದ ಕೆಳಗೆ ಅವತ್ತು ನಮ್ಮ ಬೀದಿಗೆ ಹೂ ತರುವವಳು ಇದನ್ನೇ ಅಭಿನಯಿಸಿ ತೋರಿಸುತ್ತಿದ್ದಳು. ಎದುರು ಮನೆಯ ಮಗ್ಗದವರು ಏರ್‌ಪೋರ್ಟ್ ಬಸ್ಸಿನ ಕಥೆ ತೆಗೆದರು. ದೇವನಹಳ್ಳಿಯಲ್ಲಿ ದೊಡ್ಡಮ್ಮ ಎ.ಸಿ. ಬಸ್ಸೊಂದನ್ನು ಹತ್ತಿ ಕೂತಿದ್ದರಂತೆ. ಇದರಲ್ಲಿ ಫ್ರೀ ಇಲ್ಲ, ಇಳೀಬೇಕು ಅಜ್ಜಿ ಎಂದ ಕಂಡಕ್ಟರಿಗೆ, "ಕಿಟಕಿ ತೆಗೆಯೋಕೆ ಬರ್ದಿರೋ ಬಸ್ಸಿಗೆ ಯಾರಪ್ಪಾ ಕಾಸು ಕೊಡ್ತಾರೆ?" ಎಂದು ಹೇಳಿ ಇಳಿದು ಬಂದರಂತೆ. ಎಲ್ಲರೂ ನಕ್ಕರು. ಆಮೇಲೆ ಸಮುದ್ರದ ನೀರಿನ ಕಥೆ ಬಂತು. ಅದಕ್ಕೆ ಇಡೀ ಬೀದಿಯೇ ಸಾಕ್ಷಿ. ಕಾರವಾರಕ್ಕೆ ಹೋದವರು ಕುಡಿಯುವ ನೀರಿನ ಬಾಟಲಿಯಲ್ಲಿ ಸಮುದ್ರ ತುಂಬಿಕೊಂಡು ಬಂದು, ಮನೆಮನೆಗೂ ಹೋಗಿ ತೀರ್ಥದ ಹಾಗೆ ಒಂದೊಂದು ಉದ್ಧರಣೆ ಹಾಕಿದ್ದರು. "ಎಲ್ರೂ ಉಪ್ಪು ಉಪ್ಪು ಅಂತಿದ್ರು, ನಂಗೆ ನಂಬಿಕೆ ಇರ್ಲಿಲ್ಲ. ನೀವೂ ನೋಡ್ರಿ" ಎಂದಿದ್ದರು. ನಾವೆಲ್ಲ ನೆಕ್ಕಿ ಮುಖ ಹಿಂಡಿದೆವು. ನಮ್ಮಲ್ಲಿ ಸಮುದ್ರ ನೋಡಿದವರು ಮೂವರೋ ನಾಲ್ವರೋ ಇದ್ದಿರಬೇಕು.

ಹಾಗೆ ಅವರು ಹೋಗಿ ಬಂದ ಮೇಲೆ ಬೀದಿಯ ಹೆಂಗಸರಿಗೆ ಕಾಲು ಬಂದವು. ಇಬ್ಬಿಬ್ಬರಾಗಿ, ಮೂವರಾಗಿ ಹೊರಡುವುದು ಶುರುವಾಯಿತು. ಮನೆಯಲ್ಲಿ ಕೇಳಿದರೆ "ದೊಡ್ಡಮ್ಮನೇ ಹೋಗ್ತಾರೆ, ನಾವು ಹೋಗ್ಬಾರ್ದಾ" ಎಂಬ ಉತ್ತರ ಸಿದ್ಧವಿರುತ್ತಿತ್ತು. ನಾನು ಹೊರಡಲಿಲ್ಲ. ನನಗೆ ಗೊತ್ತಿಲ್ಲದ ಊರೆಂದರೆ ಭಯ. ಆಫೀಸಿನ ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕಾದರೂ ಹಿಂದಿನ ದಿನವೇ ಮೂರು ಜನರನ್ನು ದಾರಿ ಕೇಳಿ ಚೀಟಿ ಬರೆದುಕೊಳ್ಳುವವಳು ನಾನು.

ಒಮ್ಮೆ ಮಾತ್ರ ದೊಡ್ಡಮ್ಮ ನನ್ನ ಕೈಹಿಡಿದು ಎಳೆದೊಯ್ದರು. ಕಿಟಕಿ ಸೀಟಿನ ಲೆಕ್ಕದಲ್ಲಿ ಅವತ್ತು ನಮಗೆ ಸಿಕ್ಕಿದ್ದು ಮಧುಗಿರಿ. ಒಂದೇ ಬಂಡೆಯ ಆ ಬೆಟ್ಟವನ್ನು ನೋಡಿದ್ದೇ ನಾನು ಕೆಳಗೆ ಕಲ್ಲಿನ ಮೇಲೆ ಕೂತುಬಿಟ್ಟೆ. ದೊಡ್ಡಮ್ಮ ಸೀರೆ ಎತ್ತಿ ಸಿಕ್ಕಿಸಿ, ಚಪ್ಪಲಿಯನ್ನು ನನ್ನ ಮಡಿಲಿಗೆ ಹಾಕಿ, ಹತ್ತತೊಡಗಿದರು. ಕೆಳಗಿನಿಂದ ನಾನು ಬೈಯುತ್ತಲೇ ಇದ್ದೆ. ಅರ್ಧ ಬೆಟ್ಟದಲ್ಲಿ ಕಂಬಿ ಹಿಡಿದು ನಿಂತು ಅವರು ನನ್ನತ್ತ ಕೈಬೀಸಿದರು. ಬೆಟ್ಟದ ಮೈಮೇಲೆ ಒಂದು ಹಸಿರು ಸೀರೆಯ ಚೂರು. ಇಳಿದು ಬಂದ ಮೇಲೆ ನನ್ನ ಮುಖ ನೋಡಿ, "ಇಷ್ಟೊಂದು ಹೆದರ್ಕೊಂಡ್ರೆ ಹೆಂಗ್ ತಾಯಿ ಬದುಕ್ತೀಯ?" ಎಂದರು. ತಮಾಷೆ ಮಾಡುತ್ತಿರಲಿಲ್ಲ, ನಿಜಕ್ಕೂ ಮರುಕದಿಂದ ಕೇಳಿದರು.

ಅದಾಗಿ ಕೆಲವು ವಾರಕ್ಕೆ ಅವರು ಹೋದವರು ಸಂಜೆ ಬರಲಿಲ್ಲ. ರಾತ್ರಿ ಎಲ್ಲಾದರೂ ಉಳಿದರೆ ಫೋನು ಮಾಡಿ ಹೇಳುತ್ತಿದ್ದವರು, ಈ ಸಲ ಫೋನು ಸ್ವಿಚ್ ಆಫ್. ಮಾರನೆಯ ದಿನವೂ ಬರಲಿಲ್ಲ. ಮಗ ಬೈಕ್ ಹತ್ತಿ ಹತ್ತಿರದ ಬಸ್ ನಿಲ್ದಾಣಗಳನ್ನೆಲ್ಲ ಸುತ್ತಿದ. ವಾಟ್ಸಾಪಿಗೆ ಹಾಕಲು ವಿವರ ಬರೆಯುವ ಕೆಲಸ ಎಂದಿನಂತೆ ನನ್ನದೇ ಆಯಿತು. ಎತ್ತರ ಇಷ್ಟು, ಬಣ್ಣ ಎಣ್ಣೆಗೆಂಪು, ಹಸಿರು ಸೀರೆ, ಎಡಗೆನ್ನೆಯ ಮೇಲೆ ನರುಲಿ. ಮೇಲೆ 'ಕಾಣೆಯಾಗಿದ್ದಾರೆ' ಎಂಬ ಒಂದು ಪದವನ್ನು ಮೂರು ಸಲ ಅಳಿಸಿ ಬರೆದೆ. ನನ್ನ ಹೆತ್ತಮ್ಮ ಆಸ್ಪತ್ರೆಯಲ್ಲಿದ್ದಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಸಿಗಂದೂರಿನ ಕುಂಕುಮ ಹಿಡಿದು ದೊಡ್ಡಮ್ಮ ಬಂದರು. ಲಾಂಚಿನಲ್ಲಿ ಹೊಳೆ ದಾಟಿದ್ದರಂತೆ, ಎರಡು ರಾತ್ರಿ ಸಾಗರ ಪೇಟೆಯಲ್ಲಿ ಒಬ್ಬ ಹೂ ಮಾರುವವಳ ಮನೆಯಲ್ಲಿ ಉಳಿದಿದ್ದರಂತೆ. ಫೋನು ಯಾಕೆ ಎತ್ತಲಿಲ್ಲ ಎಂದು ನಾನು ಕಿರುಚಿದೆ.

"ಚಾರ್ಜ್ ಮುಗ್ದೋಗಿತ್ತು ಕಣವ್ವ. ಅದಕ್ಕೂ ಸುಸ್ತಾಗಲ್ವಾ?"

ಬೀದಿಯವರು ಅಳುತ್ತಾ ನಕ್ಕರು. ನನಗೆ ನಗು ಬರಲಿಲ್ಲ. ಆ ಸಂಜೆಯೇ ಅವರ ಮಗನನ್ನು ಮೂಲೆಯ ಅಂಗಡಿ ಹತ್ತಿರ ನಿಲ್ಲಿಸಿಕೊಂಡು ಹೇಳಿದೆ. "ಕಾರ್ಡ್ ಎತ್ತಿಟ್ಬಿಡಪ್ಪ. ಏನೋ ತಿದ್ದುಪಡಿ ಅಂತ ಪಕ್ಕದ್ಮನೆ ಅಕ್ಕನ ಕೈಗೆ ಕೊಟ್ಟಿದೀನಿ ಅನ್ನು. ಉಳಿದಿದ್ದು ನಾನು ನೋಡ್ಕೋತೀನಿ." ಅವನೂ ಎರಡು ದಿನ ಅನ್ನ ಬಿಟ್ಟವನು. ತಲೆಯಾಡಿಸಿದ.

ಹೀಗೆ ಶುರುವಾಯಿತು. ನಾನು ಬೆಳಿಗ್ಗೆ ಸ್ಕೂಲಿಗೆ ಹೊರಡುವ ಹೊತ್ತಿಗೆ ದೊಡ್ಡಮ್ಮ ಜಗಲಿಯಲ್ಲಿ ಕೂತಿರುತ್ತಿದ್ದರು. "ಕಾರ್ಡ್ ಬಂತಾ ತಾಯಿ? ಒಸಿ ಫೋನಲ್ಲಿ ನೋಡು." ನಾನು ಫೋನು ತೆಗೆದು ಬೆರಳಾಡಿಸುತ್ತಿದ್ದೆ. ಹವಾಮಾನವನ್ನೋ, ಯಾರೋ ಕಳಿಸಿದ ಶುಭೋದಯವನ್ನೋ ನೋಡಿ, "ಇನ್ನೂ ಬಂದಿಲ್ಲ ದೊಡ್ಡಮ್ಮ" ಎನ್ನುತ್ತಿದ್ದೆ. "ಆಯ್ತು ಬಿಡು. ನೀ ಹುಷಾರಾಗಿ ಹೋಗ್ಬಾ" ಎನ್ನುತ್ತಿದ್ದರು. ವೋಟರ್ ಕಾರ್ಡು ತೋರಿಸಿದರೂ ಬಸ್ಸಿನಲ್ಲಿ ನಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಒಂದು ಸುಳ್ಳನ್ನು ದಿನಾ ಹೇಳಿದರೆ ಅದೂ ಹಲ್ಲುಜ್ಜಿದಷ್ಟೇ ಸಲೀಸಾಗುತ್ತದೆ. ಎಂಟು ತಿಂಗಳು ಹೇಳಿದೆ.

ಒಂದು ಸಲ ಸೋಲುವುದರಲ್ಲಿದ್ದೆ. ಶ್ರಾವಣದ ಒಂದು ಬೆಳಿಗ್ಗೆ ಅವರು ಆ ಹಸಿರು ಸೀರೆಯನ್ನೇ ಉಟ್ಟು, ಬಟ್ಟೆಯ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಎಲ್ಲಿಗೂ ಹೊರಟಿರಲಿಲ್ಲ, ಸುಮ್ಮನೆ ತಯಾರಾಗಿದ್ದರು. 'ಬಂತು' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. 'ಕಾಣೆಯಾಗಿದ್ದಾರೆ' ಎಂದು ಬರೆದದ್ದು ನೆನಪಾಯಿತು, ನುಂಗಿಕೊಂಡೆ. ಇದೆಲ್ಲ ಅವರ ಒಳ್ಳೆಯದಕ್ಕೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ನೋಡಿದರೆ, ನನ್ನ ನೆಮ್ಮದಿಗಾಗಿ ಒಬ್ಬ ಮುದುಕಿಯನ್ನು ಜಗಲಿಗೆ ಕಟ್ಟಿಹಾಕಿದ್ದೆ, ಅಷ್ಟೇ.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದರು. ಅಲ್ಲಿಗೆ ಮುಗಿಯಿತು. ಹುಷಾರಿಲ್ಲದೆ ಒಂದು ದಿನವೂ ಮಲಗಿದವರಲ್ಲ. ಪುಣ್ಯಾತ್ಗಿತ್ತಿ, ಯಾರಿಗೂ ಭಾರ ಆಗಲಿಲ್ಲ ಎಂದು ಎಲ್ಲರೂ ಹೇಳಿದರು. ಭಾರ ನನಗೆ ಮಾತ್ರ ಉಳಿಯಿತು.

ತಿಥಿಯ ಎಡೆಗೆ ಅವರಿಗೆ ಇಷ್ಟವಾದದ್ದನ್ನು ಬೀದಿಯವರೆಲ್ಲ ತಂದಿದ್ದರು. ಮುದ್ದೆ, ಹಿತಕಿದಬೇಳೆ ಸಾರು, ಬಸ್ ಸ್ಟ್ಯಾಂಡಿನ ಮಸಾಲೆ ವಡೆ. ಒಬ್ಬಾಕೆ ನೀರಿನ ಬಾಟಲಿಯನ್ನೂ ಇಟ್ಟಿದ್ದಳು. ನಾನು ಏನನ್ನೂ ಇಡಲಿಲ್ಲ. ಏನಿಟ್ಟರೂ ಅದು ಲಂಚದ ಹಾಗೆ ಕಾಣುತ್ತಿತ್ತು.

ಕಥೆಗಳು ಮುಗಿದು ಜನ ಚದುರತೊಡಗಿದಾಗ ಸೊಸೆ ಅಡುಗೆಮನೆಯಲ್ಲಿ ಒಬ್ಬಳೇ ಪಾತ್ರೆ ಜೋಡಿಸುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ. ಒಳಗೆ ಹೋಗಿ ಹೇಳಿಬಿಟ್ಟೆ.

"ಕಾರ್ಡ್ ಎತ್ತಿಡು ಅಂತ ನಿನ್ ಗಂಡನಿಗೆ ಹೇಳಿದ್ದು ನಾನು ಕಣೆ. ತಿದ್ದುಪಡಿನೂ ಇಲ್ಲ, ಏನೂ ಇಲ್ಲ. ದಿನಾ ಸುಳ್ಳು ಹೇಳ್ದೆ. ದೊಡ್ಡಮ್ಮ ಅದನ್ನೇ ನಂಬ್ಕೊಂಡು ಕಾಯ್ತಾ ಕಾಯ್ತಾ ಹೋದ್ರು."

ಅವಳು ಬೈದಿದ್ದರೆ ಚೆನ್ನಾಗಿತ್ತು. ಕೈ ಒರೆಸಿಕೊಂಡು, ರಾಗಿ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದು, ಒಳಗೆ ಕೈಹಾಕಿ ಪ್ಲಾಸ್ಟಿಕ್ ಕವರೊಂದನ್ನು ಎಳೆದಳು. ಒಳಗೆ ದೊಡ್ಡಮ್ಮನ ಕಾರ್ಡಿತ್ತು.

"ಇವ್ರು ಇಲ್ಲಿ ಬಚ್ಚಿಟ್ಟಿದ್ರು. ಮನೇಲಿ ಮುದ್ದೆ ತೊಳ್ಸೋರು ಯಾರು ಅಂತ ಗಂಡಸ್ರಿಗೆ ಎಲ್ಲಿ ಗೊತ್ತಾಗುತ್ತೆ ಅಕ್ಕ. ಮೊದಲ್ನೇ ವಾರಾನೇ ಅತ್ತೆ ಕೈಗೆ ಸಿಕ್ತು. ಒರೆಸಿ ನೋಡಿ, ಮತ್ತೆ ಅಲ್ಲೇ ಇಟ್ರು."

ನನಗೆ ಅರ್ಥವಾಗಲಿಲ್ಲ. "ಸಿಕ್ಕಿದ್ ಮೇಲೆ ಹೋಗ್ಬೋದಿತ್ತಲ್ಲ?"

"ನಾನೂ ಅದೇ ಕೇಳ್ದೆ. ಬೇಡ, ಪಕ್ಕದ್ಮನೆ ಮಗು ಹೆದರ್ಕೊಂಡು ಸಾಯ್ತಾಳೆ ಅಂದ್ರು. ಅವಳೇ ಒಂದಿನ ಬಂತು ಅನ್ಲಿ, ಅವತ್ತು ಅವಳನ್ನೂ ಕರ್ಕೊಂಡೇ ಹೋಗ್ತೀನಿ ಅಂದ್ರು. ನಾನು ಬಾಯಿ ಬಿಡ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ರು."

ಐವತ್ತು ದಾಟಿದ ನನ್ನನ್ನು ಅವರು ಮಗು ಎಂದಿದ್ದರು.

"ಮತ್ತೆ ದಿನಾ ಯಾಕೆ ಕೇಳ್ತಿದ್ರು?"

"ಇವತ್ತಾದ್ರೂ ಹೇಳ್ತೀರೇನೋ ಅಂತ." ಅವಳು ಕವರಿನ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿದಳು. "ಹೋಗೋ ಹಿಂದಿನ ದಿನಾನೂ ಕೇಳಿದ್ರಲ್ವಾ ಅಕ್ಕ?"

ಕೇಳಿದ್ದರು. ಸ್ಕೂಲಿಗೆ ತಡವಾಗಿತ್ತು. ಫೋನು ತೆಗೆಯದೆಯೇ, ಇನ್ನೂ ಬಂದಿಲ್ಲ ಎಂದಿದ್ದೆ.