ಮುನವ್ವರಾ ಮೇಡಂ ಗುರುತಿಸಿದ ಕಡಲಹುಳು

ಕುಣಿಗಲ್‌ನ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ಮುನವ್ವರಾ ಅವರಿಗೆ ಬೋರ್ಡಿನ ಮೇಲೆ ಚಿತ್ರ ಬರೆಯುವುದೆಂದರೆ ಪ್ರಾಣ. ಕಪ್ಪೆಯ ಹೃದಯವಿರಲಿ, ಜಿರಲೆಯ ಬಾಯಿಯಿರಲಿ, ಬಣ್ಣದ ಸೀಮೆಸುಣ್ಣ ಹಿಡಿದು ಅವರು ಬರೆಯತೊಡಗಿದರೆ ಹುಲಿಯೂರುದುರ್ಗದಿಂದ ಬಸ್ಸಿನಲ್ಲಿ ನಿಂತೇ ಬಂದ ಹುಡುಗಿಯರು ಕೂಡ ತೂಕಡಿಕೆ ಮರೆತು ನೋಡುತ್ತಾರೆ. ಮುನವ್ವರಾ ಕೂಡ ದಿನಾ ಬಸ್ಸಿಗೆ ಬರುವವರೇ, ತುಮಕೂರಿನ ಶೆಟ್ಟಿಹಳ್ಳಿಯಿಂದ. ಗಂಡ ಮೆಹಬೂಬ್ ಪಾಷಾ ಅವರದು ಹತ್ತಿ ಹಾಸಿಗೆಯ ಅಂಗಡಿ. ಅರ್ಜೂ ಒಬ್ಬಳೇ ಮಗಳು. ಮನೆಮಾತು ಉರ್ದು. ಆದರೆ ಮಗಳಿಗೆ ಪಾಠ ಹೇಳಿಕೊಟ್ಟದ್ದೆಲ್ಲ ಕನ್ನಡದಲ್ಲಿ. ಹಾಗಾಗಿ ಹುಳಹುಪ್ಪಟೆಯ ವಿಷಯ ಬಂತೆಂದರೆ ಅವರ ಮಾತು ಈಗಲೂ ಕನ್ನಡಕ್ಕೇ ಹೊರಳುತ್ತದೆ.

ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಮುನವ್ವರಾಗೆ ಸಮುದ್ರದ ಜೀವಿಗಳ ಮೇಲೆ ವಿಪರೀತ ಮೋಹ. ಹವಳದ ದಿಬ್ಬ ನೋಡಲು ತರಗತಿಯವರೆಲ್ಲ ರಾಮೇಶ್ವರದ ಕಡೆ ಹೊರಟಾಗ ಅವರ ತಂದೆ ಕಳಿಸಲಿಲ್ಲ. ಆಮೇಲೆ ಕೆಲಸ, ಮದುವೆ, ಹಾಸಿಗೆ ಹಿಡಿದ ಅತ್ತೆಯ ಆರೈಕೆ. ಸಮುದ್ರ ನೋಡಿದ್ದೇನೋ ಉಂಟು, ಮಂಗಳೂರಿನಲ್ಲಿ ಯಾರದೋ ಮದುವೆಗೆ ಹೋದಾಗ. ಮರಳಿನ ಮೇಲೆ ನಿಂತು, ಸೀರೆಯಂಚು ಒದ್ದೆ ಮಾಡಿಕೊಂಡು ಬಂದದ್ದಷ್ಟೇ.

ಅರ್ಜೂಳ ಗಂಡ ಶಾಬಾಜ್‌ಗೆ ಹವಾಮಾನ ಇಲಾಖೆಯಲ್ಲಿ ಕೆಲಸ. ಅವನಿಗೆ ಲಕ್ಷದ್ವೀಪಕ್ಕೆ ವರ್ಗವಾಯಿತು. ಜೊತೆಗೆ ಹೋದ ಅರ್ಜೂ ಅಲ್ಲಿ ಮುಖಕ್ಕೆ ಗಾಜಿನ ಮಾಸ್ಕ್ ಕಟ್ಟಿಕೊಂಡು ನೀರಿನಲ್ಲಿ ತೇಲುವುದನ್ನು ಕಲಿತಳು. ಒಂದು ದಿನ ಅಮ್ಮನಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಫೋನ್ ಮಾಡಿದಳು.

"ಅಮ್ಮೀ, ಇದೇನು ಹೇಳಿ ನೋಡೋಣ. ಹವಳದ ಮೇಲೆ ಕೂತಿತ್ತು."

ಕಪ್ಪು ಮೈ, ಅದರ ಮೇಲೆ ತಿಳಿನೀಲಿ ಏಣು, ಏಣಿನ ತುಂಬ ಹಳದಿ ಗಂಟು. ಮುನವ್ವರಾ ಕಣ್ಣು ಕಿರಿದು ಮಾಡಿ ನೋಡಿದರು. ಪುಸ್ತಕದಲ್ಲಿ ಎಷ್ಟೋ ಸಲ ಕಂಡ ಚಿತ್ರ.

"ಫಿಲಿಡಿಯಾ ವೇರಿಕೋಸ ಕಣೇ! ಚಿಪ್ಪಿಲ್ಲದ ಬಸವನಹುಳು, ಸೀ ಸ್ಲಗ್ ಅಂತೀವಲ್ಲ, ಆ ಜಾತಿ. ಅದರ ಮೈಯಲ್ಲಿ ವಿಷ ಇರತ್ತೆ, ಮೀನುಗಳು ಹತ್ರ ಬರಲ್ಲ. ಅಯ್ಯೋ, ನೀನು ಕಣ್ಣಾರೆ ನೋಡ್ದ್ಯಾ?"

ಆ ಖುಷಿಯನ್ನು ಅವರಿಗೆ ಬಚ್ಚಿಟ್ಟುಕೊಳ್ಳಲಾಗಲಿಲ್ಲ. ಮರುದಿನ ಕಾಲೇಜಿನಲ್ಲಿ ಎಲ್ಲರಿಗೂ ಫೋಟೋ ತೋರಿಸಿದರು. ಪ್ರಿನ್ಸಿಪಾಲ್ ಯೋಗನರಸಿಂಹ, "ವಿಜ್ಞಾನ ದಿನಾಚರಣೆಗೆ ಈ ಸಲ ನೀವೇ ಮಾತಾಡಿ ಮೇಡಂ" ಎಂದವರೇ ಆ ಫೋಟೋದ ದೊಡ್ಡ ಫ್ಲೆಕ್ಸ್ ಮಾಡಿಸಿದರು. ಕೆಳಗೆ ಹುಳುವಿನ ಹೆಸರು, ಅದರ ಕೆಳಗೆ ಮುನವ್ವರಾ ಅವರ ಹೆಸರು. ಗೇಟಿಗೆ ಕಟ್ಟಿದ ಫ್ಲೆಕ್ಸಿನ ಚಿತ್ರ ಹಳೆಯ ವಿದ್ಯಾರ್ಥಿಗಳ ಗುಂಪಿಗೂ ಹೋಯಿತು.

ಆ ಸಂಜೆ ಸುಶ್ಮಿತಾಳ ಫೋನ್ ಬಂತು. ಇವರ ಹತ್ತಿರವೇ ಓದಿದ ಹುಡುಗಿ. ಈಗ ಕೊಚ್ಚಿಯಲ್ಲಿ ಸಮುದ್ರಜೀವಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು.

"ಫ್ಲೆಕ್ಸ್ ನೋಡ್ದೆ ಮೇಡಂ, ತುಂಬಾ ಖುಷಿ ಆಯ್ತು. ಒಂದು ಡೌಟ್ ಕೇಳ್ಲಾ? ಬೇಜಾರ್ ಮಾಡ್ಕೋಬಾರ್ದು."

"ಕೇಳಮ್ಮ."

"ವೇರಿಕೋಸಾಗೆ ತಲೆ ಮೇಲೆ ಎರಡು ಹಳದಿ ಕೊಂಬು ಇರತ್ತಲ್ವಾ? ಫೋಟೋದಲ್ಲಿ ನಿಮ್ಗೆ ಕಾಣಿಸ್ತಾ?"

"ಇದೆಯಲ್ಲ..." ಎಂದರು ಮುನವ್ವರಾ. ಹಾಗೆನ್ನುವಾಗಲೇ, ಕೊಂಬನ್ನು ನಿಜಕ್ಕೂ ಕಂಡಿದ್ದೆನೇ ಎಂಬ ಅನುಮಾನ ಬಂತು.

ಸುಶ್ಮಿತಾ ಮೆಲ್ಲಗೆ ಬಿಡಿಸಿ ಹೇಳಿದಳು. ಕಡಲಸೌತೆ, ಅಂದರೆ ಸೀ ಕುಕುಂಬರ್ ಎಂಬ ಬೇರೆಯೇ ಪ್ರಾಣಿಯಿದೆ. ಅದರಲ್ಲೊಂದು ಜಾತಿಯ ಮರಿ ಥೇಟ್ ಈ ವಿಷದ ಹುಳುವಿನಂತೆಯೇ ವೇಷ ಹಾಕಿಕೊಂಡು ಮೀನುಗಳ ಬಾಯಿಯಿಂದ ಪಾರಾಗುತ್ತದೆ. ಅದಕ್ಕೆ ಕೊಂಬಿಲ್ಲ, ಬಾಯಿಯ ಸುತ್ತ ಕಪ್ಪು ಕುಚ್ಚಿರುತ್ತದೆ. ಫೋಟೋದಲ್ಲಿರುವುದು ಆ ಮರಿಯೇ ಇರಬೇಕು.

ಫೋನ್ ಇಟ್ಟ ಮೇಲೆ ಮುನವ್ವರಾ ಗಂಡನನ್ನು ಕರೆದರು. "ಇದರಲ್ಲಿ ಕೊಂಬಿದೆಯಾ ನೋಡ್ರೀ."

ಮೆಹಬೂಬ್ ಪಾಷಾ ಫೋಟೋ ಹಿಗ್ಗಿಸಿ ನೋಡಿದರು. "ಎಲ್ಲಿ ಕೊಂಬು? ಮೈತುಂಬ ಮುಳ್ಳು ಮುಳ್ಳು ಥರ ಇದೆ, ಅಷ್ಟೇ. ಈ ತುದೀಲಿ ಕಪ್ಪಗೆ ಕುಚ್ಚಿನ ಥರ ಏನೋ ಇದೆ. ಇಷ್ಟು ಚೆನ್ನಾಗಿ ಕಾಣ್ತಿದೆಯಲ್ಲ... ಯಾಕೆ ಮುನ್ನೀ, ನಿಂಗೆ ಕಾಣ್ತಿಲ್ವಾ?"

ಮುನವ್ವರಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಕೆಲವು ತಿಂಗಳಿಂದ ಬಲಗಣ್ಣಿನ ನಡುವೆ ಹೊಗೆ ಕಟ್ಟಿದಂತಿತ್ತು. ಬಸ್ಸಿನ ಬೋರ್ಡನ್ನು ಪಕ್ಕದವರ ಬಾಯಿಂದ ಓದಿಸುತ್ತಿದ್ದರು. ಕನ್ನಡಕ ಬದಲಾಯಿಸಿದರೆ ಸರಿಹೋದೀತು ಎಂದು ಯಾರಿಗೂ ಹೇಳಿರಲಿಲ್ಲ. ಆ ಫೋಟೋದಲ್ಲಿ ಕಣ್ಣಿಗೆ ಬಿದ್ದದ್ದು ಮೂರು ಬಣ್ಣ ಮಾತ್ರ. ಉಳಿದದ್ದನ್ನು ನೆನಪು ತುಂಬಿಕೊಟ್ಟಿತ್ತು.

ಮರುದಿನವೇ ಗಂಡ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು. ಬಹುಕಾಲದ ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಗೆ ಇಳಿದಿತ್ತು. ಬಲಗಣ್ಣಿನ ನಡುದೃಷ್ಟಿ ಮರಳುವ ಭರವಸೆಯಿಲ್ಲ, ಎಡಗಣ್ಣೂ ಮಂಜಾಗುತ್ತಿದೆ, ಅದನ್ನು ಇಂಜೆಕ್ಷನ್ ಕೊಟ್ಟು ಉಳಿಸಿಕೊಳ್ಳಲು ನೋಡೋಣ ಎಂದರು ಡಾಕ್ಟರು. ಇಬ್ಬರೂ ಆಟೋದಲ್ಲಿ ಮನೆಗೆ ಬಂದರು. ಅಡುಗೆಮನೆಯಲ್ಲಿ ಟೀಗೆ ನೀರಿಟ್ಟ ಮೇಲೆ ಮೆಹಬೂಬ್ ಪಾಷಾ, "ನನ್ನ ಹತ್ರನೂ ಮುಚ್ಚಿಟ್ಯಲ್ಲ" ಎಂದರು. ಅಷ್ಟಕ್ಕೇ ಮುನವ್ವರಾಗೆ ಅಳು ಬಂತು.

ಫ್ಲೆಕ್ಸ್ ತಪ್ಪಾಗಿದೆ ಎಂದಾಗ ಪ್ರಿನ್ಸಿಪಾಲರು ನಕ್ಕರು. "ಇರ್ಲಿ ಬಿಡಿ ಮೇಡಂ, ಕುಣಿಗಲ್‌ನಲ್ಲಿ ಯಾರಿಗೆ ಗೊತ್ತಾಗತ್ತೆ?"

"ನಂಗೆ ಗೊತ್ತಾಯ್ತಲ್ಲ ಸಾರ್."

ವಿಜ್ಞಾನ ದಿನಾಚರಣೆಯಲ್ಲಿ ಅವರು ಆ ಫ್ಲೆಕ್ಸಿನ ಮುಂದೆಯೇ ನಿಂತು, ತಾವು ಹೇಗೆ ಎಡವಿದೆವೆಂದು ಮಕ್ಕಳಿಗೆ ಹೇಳಿದರು. ಬೋರ್ಡಿನ ಮೇಲೆ ಎರಡೂ ಪ್ರಾಣಿಗಳನ್ನು ಬರೆದು ತೋರಿಸಿದರು. ತಮ್ಮ ಕಣ್ಣಿನ ವಿಷಯವನ್ನೂ ಹೇಳಿದರು. ಆಗ ಹಿಂದಿನಿಂದ ಒಬ್ಬಳು ಎದ್ದು ನಿಂತಳು.

"ಮೇಡಂ, ಹಂಗಾದ್ರೆ ಕಣ್ ಕಾಣ್ದೆ ಇರೋರು ಅದು ಯಾವುದು ಅಂತ ಹೆಂಗ್ ಕಂಡುಹಿಡಿಯೋದು?"

ಪಕ್ಕದವಳು ಅವಳ ಲಂಗ ಹಿಡಿದು ಜಗ್ಗಿದಳು. ಮುನವ್ವರಾ ಮಾತ್ರ ಆ ಪ್ರಶ್ನೆಯನ್ನು ಮನೆಗೆ ಕೊಂಡೊಯ್ದರು. ಪರೀಕ್ಷೆಗಳು ಮುಗಿದ ಮೇಲೆ ಗಂಡನಿಗೆ, "ಅರ್ಜೂ ಹತ್ರ ಹೋಗಿ, ಇರೋ ಕಣ್ಣಲ್ಲಿ ಒಂದ್ಸಲ ಆ ಹುಳುನ ನೋಡ್ಕೊಂಡು ಬಂದ್ಬಿಡ್ತೀನಿ ರೀ" ಎಂದರು. ಮೆಹಬೂಬ್ ಪಾಷಾ ಅಂಗಡಿಗೆ ಬೀಗ ಹಾಕಿ ತಾವೂ ಜೊತೆಗೆ ಹೊರಟರು. ಕೊಚ್ಚಿಯಿಂದ ಹಡಗು ಹತ್ತಿದವರು ದ್ವೀಪ ಮುಟ್ಟುವವರೆಗೂ ವಾಂತಿ ಮಾಡಿಕೊಂಡು, ತಾವು ಹೊಲಿದ ಹಾಸಿಗೆಗಳನ್ನೆಲ್ಲ ನೆನೆಸಿಕೊಂಡರು.

ಬೆಳಗಿನ ಇಳಿತದಲ್ಲಿ ನೀರು ದೂರ ಸರಿದಾಗ ಅರ್ಜೂ ಅಮ್ಮನ ಕೈ ಹಿಡಿದು ಹವಳದ ದಿಬ್ಬಕ್ಕೆ ಕರೆದೊಯ್ಯುತ್ತಿದ್ದಳು. ಜೀವಂತ ಹವಳದ ಮೇಲೆ ಕಾಲಿಡದೆ ಮರಳಿನ ಸಂದುಗಳಲ್ಲೇ ನಡೆಯಬೇಕು. ಮೊದಲ ದಿನಗಳಲ್ಲಿ ಏಡಿ ಸಿಕ್ಕಿತು, ಕವಡೆ ಸಿಕ್ಕಿತು, ಬೇಕಾದದ್ದು ಸಿಗಲಿಲ್ಲ. ಆಮೇಲೊಂದು ಬೆಳಗ್ಗೆ ಮೊಣಕಾಲುದ್ದದ ನೀರಿನಲ್ಲಿ ಅರ್ಜೂ ಕೂಗಿದಳು.

"ಅಮ್ಮೀ, ಅದೇ ಬಣ್ಣ!"

ಮುನವ್ವರಾ ಮರಳಿನ ಮೇಲೆ ಮಂಡಿಯೂರಿದರು. ಎಡಗಣ್ಣಿಗೆ ಕಂಡದ್ದು ಕಪ್ಪು, ಹಳದಿಯ ಒಂದು ಗೆರೆಯಷ್ಟೇ. ಕಡಲಸೌತೆಯನ್ನು ಎತ್ತುವುದು ಕಾನೂನಿಗೆ ವಿರುದ್ಧ, ಅದು ಅವರಿಗೆ ಗೊತ್ತು. ಮೀನುಗಳನ್ನು ದೂರವಿಡುವ ಹುಳುವಿನ ವಿಷ ಬೆರಳಿಗೆ ತಾಗುವಂಥದ್ದಲ್ಲ ಎಂಬುದೂ ಗೊತ್ತು. ಆದ್ದರಿಂದ ಬೆರಳನ್ನು ಅದರ ದಾರಿಗೆ ಅಡ್ಡವಿಟ್ಟು ಕಾದರು. ಹುಳು ನಿಧಾನವಾಗಿ ಬೆರಳೇರಿತು.

"ಹಿಡ್ಕೊಳ್ತಾ ಇಲ್ಲ ಕಣೇ," ಎಂದರು. "ಕಡಲಸೌತೆ ಆಗಿದ್ರೆ ಸಣ್ಣ ಸಣ್ಣ ಕಾಲು ಚರ್ಮಕ್ಕೆ ಅಂಟ್ಕೋತಿತ್ತು. ಇದು ನುಣ್ಣಗೆ ಜಾರ್ತಿದೆ, ಒಂದೇ ಅಗಲವಾದ ಪಾದ. ತಲೆ ಮೇಲೆ ನೋಡು, ನೋಡು!"

"ಎರಡು ಹಳದಿ ಕೊಂಬು! ಅಲೆ ಬಂತು, ಒಳಕ್ಕೆ ಎಳ್ಕೊಂಡ್ಬಿಡ್ತು ಅಮ್ಮೀ!"

"ಅವಸರ ಬೇಡ. ಇದೇ ಥರದ ಇನ್ನೊಂದು ಜಾತಿ ಇದೆ. ಪಾದದ ಅಡಿ ಕಪ್ಪು ಗೆರೆ ಇದ್ರೆ ಮಾತ್ರ ವೇರಿಕೋಸ."

ಬೆರಳಿನಾಚೆ ಹುಳು ತಲೆಯೆತ್ತಿ ಚಾಚಿದಾಗ ಅರ್ಜೂ ಪ್ಲಾಸ್ಟಿಕ್ ಚೀಲದಲ್ಲಿದ್ದ ಮೊಬೈಲನ್ನು ಕೆಳಗಿನಿಂದ ಹಿಡಿದು ಫೋಟೋ ತೆಗೆದಳು. ಪರದೆಯ ಮೇಲಿನ ನೀರೊರೆಸಿ, ಚಿತ್ರ ಹಿಗ್ಗಿಸಿ ನೋಡಿದಳು.

"ಇದೆ. ಪಾದದ ನಡುವೆ ಉದ್ದಕ್ಕೆ, ಕಪ್ಪಗೆ."

"ಖಚಿತವಾಗಿ ಹೇಳು."

"ಖಚಿತ ಅಮ್ಮೀ." ಅರ್ಜೂ ಮೊಬೈಲನ್ನು ಅಪ್ಪನ ಕಡೆ ಚಾಚಿದಳು. "ಅಬ್ಬಾ, ನೀವೂ ನೋಡಿ."

ಸೊಂಟಕ್ಕೆ ಲುಂಗಿ ಎತ್ತಿ ಕಟ್ಟಿ ನಿಂತಿದ್ದ ಮೆಹಬೂಬ್ ಪಾಷಾ ಬಗ್ಗಿ ನೋಡಿ ಹೌದೆಂದರು. ಮುನವ್ವರಾ ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ, ಹುಳು ತಾನಾಗಿಯೇ ಬೆರಳಿನಿಂದ ಇಳಿದುಹೋಗುವವರೆಗೂ ಅಲ್ಲಾಡದೆ ಕೂತರು. ಫೋಟೋ ಕೊಚ್ಚಿಗೆ ಹೋಯಿತು. ಸುಶ್ಮಿತಾ, "ಇದು ಅದೇ ಮೇಡಂ, ಅನುಮಾನವೇ ಇಲ್ಲ" ಎಂದು ಬರೆದಳು.

ಎಡಗಣ್ಣಿನ ದೃಷ್ಟಿ ಈಗಿನವರೆಗೆ ಉಳಿದಿದೆ. ಇಂಜೆಕ್ಷನ್ ನಡೆಯುತ್ತಿದೆ. ಪ್ರಾಯೋಗಿಕ ತರಗತಿಗಳಿಗೆ ಶ್ರೀವಾಣಿ ಎಂಬ ಹೊಸ ಉಪನ್ಯಾಸಕಿ ಜೊತೆಗಿರುತ್ತಾರೆ. ಪಾಠ ಮುನವ್ವರಾ ಅವರದೇ. ಮೊನ್ನೆ ಹುಡುಗಿಯೊಬ್ಬಳು ಮನೆಯ ಬಾವಿಕಟ್ಟೆಯಲ್ಲಿ ಸಿಕ್ಕ ಯಾವುದೋ ಹುಳುವನ್ನು ಟಿಫನ್ ಡಬ್ಬಿಯಲ್ಲಿ ತಂದು, "ಇದೇನ್ ಮೇಡಂ?" ಎಂದಳು. ಮುನವ್ವರಾ ಡಬ್ಬಿಯನ್ನು ಅವಳ ಕಡೆಗೇ ತಳ್ಳಿ, "ನಾನ್ ಆಮೇಲೆ ಹೇಳ್ತೀನಿ. ಕಾಲಿದೆಯಾ, ಕೊಂಬಿದೆಯಾ, ಹೆಂಗ್ ಹರಿಯುತ್ತೆ, ಮೊದ್ಲು ನೀನು ನೋಡಿ ಹೇಳು" ಎಂದರು. ಬೆಲ್ ಹೊಡೆದ ಮೇಲೂ ಇಬ್ಬರೂ ಡಬ್ಬಿಯ ಮೇಲೆ ಬಗ್ಗಿಕೊಂಡೇ ಇದ್ದರು.