ಪಟೇಲರ ಎತ್ತಿಗೆ ಲಾಳ ಕಟ್ಟಿದವನು

ಅರವತ್ತರ ದಶಕದ ಮೊದಲ ವರ್ಷಗಳು. ನಾನಾಗ ಯಲಹಂಕದಾಚೆ ಒಂದು ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್. ಆ ಬೆಳಿಗ್ಗೆ ಅಲ್ಲಿದ್ದವರು ನಾನು, ಹೆಡ್ ಕಾನ್‌ಸ್ಟೆಬಲ್ ರಂಗಪ್ಪ, ಪಕ್ಕದ ಹಳ್ಳಿಯ ಪಟೇಲರು, ಅವರು ಕೈ ಕಟ್ಟಿಸಿ ಎಳೆತಂದಿದ್ದ ಗೌಸ್. ಹೊರಗೆ ಹುಣಸೆಮರದ ಕೆಳಗೆ ಅವನ ತಾಯಿ ಬೂಬಮ್ಮ ಅಳುತ್ತ ಕೂತಿದ್ದಳು. ಪಟೇಲರ ಲಾರಿ ರಸ್ತೆಯಲ್ಲಿ ನಿಂತಿತ್ತು. ಹಳ್ಳಿಯ ಹೆಸರು ಹೇಳುವುದಿಲ್ಲ. ಕೋಗಿಲು, ಚಿಕ್ಕಜಾಲದ ಕಡೆಯವರು ಊಹಿಸಿಕೊಂಡರೆ ಅದಕ್ಕೆ ನಾನು ಹೊಣೆಯಲ್ಲ.

ಗೌಸ್ ಎತ್ತುಗಳಿಗೆ ಲಾಳ ಕಟ್ಟುವವನು. ದೇಶ ಇಬ್ಭಾಗವಾದ ಹೊಸದರಲ್ಲಿ ಚಿಕ್ಕಪ್ಪನ ಹಿಂದೆ ಕರಾಚಿಗೆ ಹೋದವನು, ತಾಯಿಗೆ ಕಣ್ಣು ಹೋಯಿತೆಂದು ತಿಳಿದು ಪಾಸ್‌ಪೋರ್ಟು, ವೀಸಾ ಏನೂ ಇಲ್ಲದೆ ಗಡಿ ದಾಟಿ ಬಂದಿದ್ದ. ತಾಯಿಗಾಗಿ ಬಂದರೂ ಅದು ಅಪರಾಧವೇ. ಅದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ.

ಪಟೇಲರು ಮೇಜು ಗುದ್ದಿದರು. “ಇಂಥೋರ್ನ ಬಿಟ್ಕೊಂಡ್ರೆ ದೇಶ ಉಳೀತದಾ ಸ್ವಾಮಿ? ಕೇಸು ಗೀಸು ಯಾಕೆ? ಲಾರಿ ಐತೆ, ನಮ್ ಹುಡುಗ್ರವ್ರೆ. ರೈಲಿಗೆ ತುಂಬ್ಕೊಂಡೋಗಿ ಗಡಿತಾವ ಬಿಟ್ಟು ಬತ್ತಾರೆ.”

ಅಷ್ಟರಲ್ಲಿ ಮೇಲಿನವರೊಬ್ಬರ ಫೋನು: “ಪಟೇಲ್ರು ಹೇಳಿದ ಹಾಗೆ ಮುಗಿಸಿಬಿಡ್ರೀ.”

ನನಗೆ ಮೈಯೆಲ್ಲ ಉರಿದುಹೋಯಿತು. ಯಾರು ಈ ದೇಶದವರು, ಯಾರು ಅಲ್ಲ ಎಂದು ತೀರ್ಮಾನಿಸಲು ಸರ್ಕಾರವಿದೆ, ಕೋರ್ಟಿದೆ. ಆ ಅಧಿಕಾರವನ್ನು ಪಟೇಲರ ಲಾರಿಗೆ ಕೊಟ್ಟವರು ಯಾರು?

ರಂಗಪ್ಪ ಕಿವಿಯ ಹತ್ತಿರ ಬಂದ. “ಸಾರ್, ಬರೋ ವರ್ಷ ಪಂಚಾಯ್ತಿ ಎಲೆಕ್ಷನ್ನು. ಪಟೇಲ್ರ ಮಗ ನಿಲ್ತಾನೆ. ಇವ್ನು ಹೋಗಿ ಎದುರು ಪಾರ್ಟಿಯೋರ ಎತ್ತಿಗೆ ಲಾಳ ಕಟ್ಟವ್ನೆ. ಅದೇ ರೋಷ.”

ಬಂದು ಎಷ್ಟು ಕಾಲವಾಯಿತೆಂದು ಗೌಸನನ್ನು ಕೇಳಿದೆ. ಅವನು ಬಾಯಿ ತೆರೆಯುವ ಮೊದಲೇ ಪಟೇಲರು ಎದೆ ಸೆಟೆಸಿದರು.

“ಅವ್ನನ್ನೇನ್ ಕೇಳ್ತೀರಾ, ನನ್ನ ಕೇಳಿ! ಎಲ್ಡು ಉಗಾದಿ ಆಯ್ತು. ನಮ್ಮೂರಾಗೆ ಹೊಸ ಕೋಳಿ ಕೂಗಿದ್ರೂ ನಂಗೊತ್ತಾಯ್ತದೆ.”

“ನಿಮ್ಮ ಎತ್ತಿಗೂ ಇವನೇ ಕಟ್ಟಿದ್ದಾ?”

“ಮತ್ತೆ? ಇವನ ಕೈಗುಣ ಈ ಸುತ್ತಿನಾಗೆ ಇನ್ಯಾರ್ಗೈತೆ?”

ಊರಿಗೆ ಅಪರಿಚಿತರು ಬಂದು ನೆಲೆಸಿದರೆ ಠಾಣೆಗೆ ತಿಳಿಸುವುದು ಪಟೇಲನ ಕರ್ತವ್ಯ. ರಂಗಪ್ಪ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. “ಬರಿ, ಪಟೇಲ್ರು ಹೇಳಿದ್ದನ್ನೂ ಬರಿ,” ಅಂದೆ.

“ಏನ್ ಸ್ವಾಮಿ, ತಮಾಸೆನಾ? ಈ ಲಾಳದ ಸಾಬನೂ ನಾನೂ ಒಂದೇನಾ?”

“ಈ ಬಾಗಿಲೊಳಗೆ ಇಬ್ಬರೂ ಒಂದೇ. ಅವನು ಕದ್ದು ಬಂದ, ನೀವು ಬಚ್ಚಿಟ್ಕೊಂಡ್ರಿ. ಲಾರಿ ವಾಪಸ್ ಕಳಿಸಿ.”

ಆಗ ಗೌಸ್ ಮೊದಲ ಸಲ ಮಾತಾಡಿದ. “ಜೈಲಿಗೆ ಹಾಕಿ ಸ್ವಾಮಿ, ಹೋಗ್ತೀನಿ. ನಾನು ಎಲ್ಲಿದ್ದೀನಿ ಅಂತ ಅಮ್ಮನಿಗೆ ಗೊತ್ತಿದ್ರೆ ಸಾಕು.”

ಪಾಸ್‌ಪೋರ್ಟಿಲ್ಲದೆ ಗಡಿ ದಾಟಿದ್ದಕ್ಕೆ ಗೌಸ್ ಮೇಲೆ, ಅವನನ್ನು ಬಚ್ಚಿಟ್ಟುಕೊಂಡದ್ದಕ್ಕೆ ಪಟೇಲರ ಮೇಲೆ ಕೇಸು ಹಾಕಿದೆ. ಮೇಲಿನವರಿಂದ ಬೈಸಿಕೊಂಡೆ, ಬೈಸಿಕೊಂಡಷ್ಟೂ ಹಟ ಹೆಚ್ಚಾಯಿತು. ಮ್ಯಾಜಿಸ್ಟ್ರೇಟರು ಗೌಸ್‌ಗೆ ಕೆಲವು ತಿಂಗಳ ಸಜೆ ಕೊಟ್ಟರು. ಅವನು ಭಾರತದ ಪ್ರಜೆಯೋ ಅಲ್ಲವೋ ಎಂಬುದನ್ನು ದೆಹಲಿ ತೀರ್ಮಾನಿಸಲಿ, ಅಲ್ಲಿಯವರೆಗೆ ಅವನನ್ನು ಯಾರೂ ಗಡಿ ದಾಟಿಸಕೂಡದು, ವಾರಕ್ಕೊಮ್ಮೆ ಅವನು ಠಾಣೆಗೆ ಬಂದು ಸಹಿ ಹಾಕಬೇಕು ಎಂದರು. ಪಟೇಲರಿಗೆ ಜುಲ್ಮಾನೆ ಬಿತ್ತು, ಪಟೇಲಿಕೆಯೂ ಹೋಯಿತು. ತನಗೆ ಆಗದವನು ಎದುರಾದಾಗ ಮಾತ್ರ ಕಾನೂನು ನೆನಪಿಸಿಕೊಳ್ಳುವವನನ್ನು ಕಂಡರೆ, ಗಡಿ ಕದ್ದು ದಾಟಿದವನಿಗಿಂತ ಹೆಚ್ಚು ಎಚ್ಚರದಿಂದಿರಬೇಕು ಎಂಬುದನ್ನು ಈ ನೌಕರಿ ನನಗೆ ಕಲಿಸಿದ್ದು ಅಲ್ಲೇ.

ಮರುವರ್ಷ ಪಟೇಲರ ಮಗ ಎಲೆಕ್ಷನ್ ಗೆದ್ದ. ಮೆರವಣಿಗೆಯ ಬಂದೋಬಸ್ತಿಗೆ ನಾನೇ ಹೋಗಬೇಕಾಯಿತು, ಹಲ್ಲು ಕಚ್ಚಿಕೊಂಡು ಹೋದೆ. ನಡುಬೀದಿಯಲ್ಲಿ, ಪಟೇಲರೂ ಮಗನೂ ಕೂತಿದ್ದ ಗಾಡಿಯ ಎತ್ತೊಂದು ಕುಂಟಿ ನಿಂತಿತು. ಗೌಸ್ ಜೈಲಿನಲ್ಲಿದ್ದಾಗ ಇನ್ಯಾರೋ ಕಟ್ಟಿದ ಲಾಳ ಕಳಚಿತ್ತು. ಪಟೇಲರೇ ಇಳಿದು ಹೋಗಿ ಗೌಸ್‌ನ ಬಾಗಿಲು ಬಡಿದರು. ಅವನು ಹೊರಗೆ ಬಂದು ಎತ್ತಿನ ಕಾಲು ನೋಡಿದ, ಆಮೇಲೆ ನನ್ನನ್ನು ನೋಡಿದ.

“ಇವತ್ತು ನನ್ನ ಸಹಿ ದಿನ ಪಟೇಲ್ರೇ. ಠಾಣೆಗೆ ಹೋಗಿ ಬಂದು ಕಟ್ತೀನಿ, ನಿಂತಿರಿ.”

ಹೆಗಲಿಗೆ ಟವೆಲ್ಲು ಹಾಕಿಕೊಂಡು ನಡೆದುಹೋದ. ಅವನು ಹಿಂತಿರುಗುವವರೆಗೂ ಮೆರವಣಿಗೆ ಅಲ್ಲೇ ನಿಂತಿತ್ತು.