ಜೆಲಾಟೊ ಮತ್ತು ತಿಪ್ಪೇಶಪ್ಪನ ಪೀಪಾಯಿ

ನ್ಯಾಮತಿಯ ತಿಪ್ಪೇಶಪ್ಪ ಮದುವೆಮನೆಗಳಲ್ಲಿ ಐಸ್‌ಕ್ರೀಮ್ ತಿರುಗಿಸುವವನು. ಮರದ ಪೀಪಾಯಿಯೊಳಗೆ ತಗಡಿನ ಡಬ್ಬಿ, ಸುತ್ತ ಐಸು, ಕಲ್ಲುಪ್ಪು. ಡಬ್ಬಿಯ ಹಾಲು ಗಟ್ಟಿಯಾಗುವವರೆಗೂ ಪಕ್ಕದ ಹಿಡಿಕೆ ತಿರುಗಿಸುತ್ತಲೇ ಇರಬೇಕು. ಪೀಪಾಯಿ ಅಲುಗಾಡದಂತೆ ಮೇಲೆ ಗೋಣಿಚೀಲ ಹಾಸಿ ಭಾರದ ಮನುಷ್ಯನೊಬ್ಬನನ್ನು ಕೂರಿಸುವುದು ಅವನ ಪದ್ಧತಿ. ಇಪ್ಪತ್ತಾರು ವರ್ಷದ ಹಿಂದೆ, ಸವಳಂಗದಲ್ಲಿ ನನ್ನ ಚಿಕ್ಕಪ್ಪನ ಮಗಳು ಸುನೀತಾಳ ಮದುವೆಯಲ್ಲಿ ಆ ಗೌರವ ನನಗೆ ದಕ್ಕಿತ್ತು. ಓದಿದವನೆಂದಲ್ಲ, ದಪ್ಪಗಿದ್ದೆನೆಂದು. ಒಂದು ಗಂಟೆ ಕೂತು ಎದ್ದಾಗ ದೇಹದ ಹಿಂಭಾಗ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ. ಹಾಲಿನ ಕೆನೆಯನ್ನೆಲ್ಲ ಹೆಂಗಸರು ತುಪ್ಪಕ್ಕೆಂದು ಎತ್ತಿಟ್ಟಿದ್ದರು. ಆದರೂ ಆ ಏಲಕ್ಕಿಯ ರುಚಿ ಇನ್ನೂ ನಾಲಗೆಯಲ್ಲಿದೆ.

ಈಗ ಸುನೀತಾಳ ಮಗಳು ರಕ್ಷಾಳ ಮದುವೆ. ಊಟದ ಪಟ್ಟಿಯಲ್ಲಿ ಐಸ್‌ಕ್ರೀಮ್ ಇರಬೇಕಾದ ಕಡೆ ‘ಜೆಲಾಟೊ’ ಎಂದಿತ್ತು. ಅದನ್ನು ಮಾಡಲು ದಾವಣಗೆರೆಯಿಂದ ಜನ ಬರುತ್ತಾರಂತೆ. ಈ ವರ್ಷ ತಿಪ್ಪೇಶಪ್ಪನನ್ನು ಯಾರೂ ಮದುವೆಗೆ ಕರೆದಿರಲಿಲ್ಲ. ಇದೂ ತಪ್ಪಿದರೆ ಪೀಪಾಯಿಯನ್ನು ನೀರೊಲೆಗೆ ಹಾಕುವುದಾಗಿ ಅವನ ಹೆಂಡತಿ ಹೇಳಿದ್ದಳು. ಸೀದಾ ನನ್ನಲ್ಲಿಗೆ ಬಂದ.

“ಮೇಷ್ಟ್ರೆ, ಅದೇನೈತೆ ಅಂತ ಹೇಳ್ರಿ. ನಂಗೆ ಮಾಡಾಕೆ ಬರ್ತೈತೋ ಇಲ್ಲೋ ತಿಳ್ಕಬೇಕು.”

ಇಪ್ಪತ್ತೈದು ವರ್ಷ ಪಾಠ ಹೇಳಿದವನು ಗೊತ್ತಿಲ್ಲ ಎನ್ನುವುದು ಹೇಗೆ? ಕನ್ನಡಕ ತರುವ ನೆಪದಲ್ಲಿ ಒಳಗೆ ಹೋಗಿ ಮೊಬೈಲ್ ನೋಡಿಕೊಂಡು ಬಂದೆ. ಅದು ಇಟಲಿಯವರು ಐಸ್‌ಕ್ರೀಮಿಗೆ ಹೇಳುವ ಮಾತು, ಹೆಪ್ಪುಗಟ್ಟಿಸು ಎಂಬರ್ಥದ ಹಳೆಯ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು, ಅರ್ಥ ‘ಹೆಪ್ಪುಗಟ್ಟಿದ್ದು’, ಅಷ್ಟೇ ಎಂದೆ. ಕೆನೆ ಕಡಿಮೆ, ಹಾಲು ಜಾಸ್ತಿ, ಗಾಳಿ ಹೆಚ್ಚು ಸೇರದಂತೆ ನಿಧಾನ ತಿರುಗಿಸುತ್ತಾರೆ ಎಂದೂ ಸೇರಿಸಿದೆ.

ತಿಪ್ಪೇಶಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿದ. “ಅಷ್ಟೇನಾ? ನಾನು ಹೆದ್ರಿಕಂಡು ಎರಡ್ ದಿನ ಸರಿಯಾಗಿ ಉಂಡಿಲ್ಲ ನೋಡ್ರಿ.”

ಮರುದಿನ ಪೀಪಾಯಿಯನ್ನು ಆಟೋಗೆ ಹೇರಿ, ನನ್ನನ್ನೂ ಕೂರಿಸಿಕೊಂಡು ಸವಳಂಗಕ್ಕೆ ಹೋಗಿ ಸುನೀತಾಳ ಅಂಗಳದಲ್ಲಿ ತಿರುಗಿಸಿದ. ಈಗಿನ ನನ್ನ ತೂಕಕ್ಕೆ ಪೀಪಾಯಿ ತಡೆಯುವುದಿಲ್ಲವೆಂದು ಕಲ್ಲು ಹೇರಿದ. ರಕ್ಷಾ ಒಂದು ಚಮಚ ತಿಂದಳು. ಚೆನ್ನಾಗಿದೆ, ಆದರೆ ದಾವಣಗೆರೆಯವರಿಗೆ ಮಾತು ಕೊಟ್ಟಾಗಿದೆಯಲ್ಲ ಎಂದು ಅಮ್ಮನ ಮುಖ ನೋಡಿದಳು.

ಸುನೀತಾ ಬಟ್ಟಲು ಕೆಳಗಿಡದೆ ಪೂರ್ತಿ ತಿಂದಳು. “ನನ್ ಮದ್ವೇಲಿ ಇದು ನಂಗೇ ಸಿಗ್ಲಿಲ್ಲ ಕಣೆ. ಸೀರೆ ಬದ್ಲಾಯ್ಸಿ ಬರೋದ್ರಾಗೆ ಬೀಗ್ರು ಖಾಲಿ ಮಾಡಿದ್ರು.”

ದಾವಣಗೆರೆಗೆ ಅವಳೇ ಫೋನ್ ಮಾಡಿ ಬೇಡವೆಂದಳು. ಆಮೇಲೆ ತಿಪ್ಪೇಶಪ್ಪನ ಕಡೆ ತಿರುಗಿ, ಎಷ್ಟು ಲೀಟರ್ ಹಾಲು ಹೇಳಬೇಕೆಂದು ಕೇಳಿದಳು.